ಮೌನೇಶ ನಂಬಿದ ಧಾರಣೆ

ಮೌನೇಶನನ್ನು ನಾನು ಮೊದಲ ಸಲ ಕಂಡದ್ದು ಕಲಬುರಗಿಯ ಕಾಳಿನ ಪೇಟೆಯಾದ ನೆಹರು ಗಂಜಿನಲ್ಲಿ, ತೊಗರಿಯ ಸುಗ್ಗಿ ಜೋರಾಗಿದ್ದ ಒಂದು ಜನವರಿಯ ಬೆಳಿಗ್ಗೆ. ಆಗ ನಾನು ಕಮಲಾಪುರದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆನು. ನಕ್ಷೆ ಬರೆಯುವ ಪಾಠ ಬಂದಾಗ ಎಂಟನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಗಂಜಿಗೆ ಹೋಗಿದ್ದೆನು. ದಿನದಿನದ ಧಾರಣೆ ಸಿಕ್ಕರೆ ಹಾಳೆಯ ಮೇಲೆ ಅವರೇ ಏರಿಳಿತದ ಗೆರೆ ಎಳೆಯಲಿ ಎಂಬುದು ನನ್ನ ಆಸೆಯಾಗಿತ್ತು.

ನಾಗಣ್ಣನವರದು ಅಡತ್ ಅಂಗಡಿ. ರೈತರ ಮಾಲನ್ನು ಮಾರಿಸಿಕೊಟ್ಟು ದಲಾಲಿ ಪಡೆಯುವುದು ಅದರ ಕೆಲಸ. ಅದರ ಮುಂದಿನ ಕರಿಹಲಗೆಯ ಮೇಲೆ ಮೂವತ್ತರ ಆಸುಪಾಸಿನ ತೆಳ್ಳಗಿನ ಒಬ್ಬ ಮನುಷ್ಯನು ಅಂದಿನ ಧಾರಣೆಯನ್ನು ಬರೆಯುತ್ತಿದ್ದನು. ಅಂಕಿಗಳು ದುಂಡಗೆ, ಒಂದಕ್ಕೊಂದು ತಾಕದಂತೆ ಇದ್ದವು. ಹಿಂದಿನ ದಿನಗಳ ಧಾರಣೆ ಎಲ್ಲಿ ಸಿಗುತ್ತದೆ ಎಂದು ಅವನನ್ನು ಕೇಳಿದೆನು.

"ಇಲ್ಲೇ ಸಿಗ್ತದ್ರಿ ಸರ್," ಎಂದು ಅವನು ಸೀಮೆಸುಣ್ಣ ಹತ್ತಿದ ಬೆರಳಿನಿಂದ ತನ್ನ ಹಣೆಯನ್ನು ತಟ್ಟಿಕೊಂಡನು. ಆಮೇಲೆ ಮಕ್ಕಳ ಕಡೆಗೆ ತಿರುಗಿ, "ನೀ ಯಾವ ವರ್ಷ ಹುಟ್ಟೀದಿ ಹೇಳು," ಎಂದು ಒಬ್ಬಳನ್ನು ಕೇಳಿದನು. ಅವಳು ಹೇಳಿದಳು. "ಆ ವರ್ಷ ಸಂಕ್ರಾಂತಿಗಿ ತೊಗರಿ ಕ್ವಿಂಟಲಿಗಿ ಸಾವಿರದ ಆರನೂರು. ನಿಮ್ಮಪ್ಪ ಪೇಡೆ ಹಂಚಿರಂಗಿಲ್ಲ, ಬರೇ ಸಕ್ರಿ ಹಂಚಿರಬೇಕು." ಮಕ್ಕಳೆಲ್ಲ ತಮ್ಮ ತಮ್ಮ ವರ್ಷ ಹೇಳಿಕೊಂಡು ಅವನನ್ನು ಮುತ್ತಿಕೊಂಡರು.

ಗಾದಿಯ ಮೇಲೆ ಕುಳಿತಿದ್ದ ನಾಗಣ್ಣನವರು, "ಲೇ ಮೌನೇಶಾ, ಮುಂಜಾನಿ ಚಾ ಕುಡದಿಯೋ ಇಲ್ಲೋ ಅಂದ್ರ ಯೋಚನಿ ಮಾಡ್ತಿ. ಹಳೇ ಧಾರಣಿ ಮಾತ್ರ ಬಾಯಾಗೇ ಇರ್ತಾವ," ಎಂದರು.

"ಚಾ ನೀವು ಕುಡಿಸಿದ್ರ ಅದೂ ನೆನಪಿರ್ತದ್ರಿ ಮಾಲಕ್ರೆ," ಎಂದು ಮೌನೇಶನು ಹಲಗೆಯಿಂದ ಮುಖ ತಿರುಗಿಸದೆಯೇ ಉತ್ತರ ಕೊಟ್ಟನು. ನಾಗಣ್ಣನವರೂ ನಕ್ಕರು, ಚಹವನ್ನೂ ತರಿಸಿದರು.

ಅವನೂ ಕಮಲಾಪುರದವನೇ ಎಂಬುದು ಅಂದು ತಿಳಿಯಿತು. ದಿನವೂ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಬರುತ್ತಿದ್ದನು. ನಾನು ನಿವೃತ್ತನಾಗಿ ಕಲಬುರಗಿಯಲ್ಲಿ ನೆಲೆಸುವವರೆಗೂ ಸಂಜೆಯ ಬಸ್ ನಿಲ್ದಾಣದಲ್ಲಿ ಎಷ್ಟೋ ಸಲ ಜೊತೆಯಾದೆವು. ಅವನ ತಂದೆ ಗಂಜಿನಲ್ಲಿಯೇ ಹಮಾಲಿ ಮಾಡಿದವರು. ತಾಯಿ ಬೇಗನೆ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿ, ಶಾಲೆಗೆ ಕಳಿಸಿ ಬೆಳೆಸಿದವಳು ಅಕ್ಕ ಶಾರದಾಬಾಯಿ. ಅಕ್ಕನ ಹೆಸರು ಬಂದರೆ ಅವನ ದನಿ ಮೆತ್ತಗಾಗುತ್ತಿತ್ತು. ಹೆಂಡತಿ ಶೀಲಾ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. "ಇವರಿಗಿ ಅಕ್ಕನ ಮನಿ ದಾರಿ ಕಣ್ಣು ಮುಚ್ಚಿದ್ರೂ ಸಿಗ್ತದ್ರಿ ಸರ್, ನನ್ನ ತವರಿನ ಬಸ್ಸೇ ಸಿಗಂಗಿಲ್ಲ," ಎಂದು ಆಕೆ ನನ್ನ ಮುಂದೆ ಚೇಷ್ಟೆ ಮಾಡುತ್ತಿದ್ದಳು.

ಮೌನೇಶನಿಗೆ ಧಾರಣೆಯ ವಿಷಯದಲ್ಲಿ ಒಂದು ದೃಢವಾದ ನಂಬಿಕೆ ಇತ್ತು. "ಧಾರಣಿ ತಾ ನಡದ ದಾರಿ ಮರ್ಯಂಗಿಲ್ರಿ ಸರ್," ಎನ್ನುತ್ತಿದ್ದನು. ಸುಗ್ಗಿಯಲ್ಲಿ ಮಾಲು ರಾಶಿ ಬಿದ್ದಾಗ ಬೆಲೆ ಇಳಿಯುತ್ತದೆ, ದೀಪಾವಳಿಯ ಹೊತ್ತಿಗೆ ಮಾಲು ತೀರುತ್ತ ಬಂದಾಗ ಏರುತ್ತದೆ. ಈ ವರ್ಷ ಬಾರದಿದ್ದರೆ ಬರುವ ವರ್ಷ ಬರುತ್ತದೆ. ಕಾಳಿನಲ್ಲಿ ಹುಳುಕಿಲ್ಲದೆ ಧಾರಣೆ ಬಿದ್ದರೆ ಕೊಂಡಿಡಬೇಕು, ಹಿಂದೆ ಕಂಡ ಎತ್ತರ ಮತ್ತೆ ಕಾಣುವವರೆಗೆ ಗೋದಾಮಿನ ಬಾಗಿಲು ತೆರೆಯಬಾರದು. ಗಂಜಿನಲ್ಲಿ ಇದು ಸುಳ್ಳಾದ ಉದಾಹರಣೆಗಳು ಕಡಿಮೆ. ನಾಗಣ್ಣನವರ ಎರಡು ಅಂತಸ್ತಿನ ಮನೆಯೇ ಅದಕ್ಕೆ ಸಾಕ್ಷಿಯಾಗಿ ನಿಂತಿತ್ತು.

ಅಂಗಡಿಗೆ ಬರುವ ಪತ್ರಿಕೆಯಲ್ಲಿ ಶೇರುಗಳ ಬೆಲೆಯ ಪುಟವೊಂದಿರುತ್ತಿತ್ತು. ಎದುರಿನ ಗೋಡೆಯ ಮೇಲೆ ನೀರಾವರಿ ಪೈಪು ಮಾಡುವ ಒಂದು ಕಂಪನಿಯ ಜಾಹೀರಾತು ಬರೆದಿತ್ತು. ನೋಡುವ ಚಟಕ್ಕೆ ಮೌನೇಶನು ಆ ಕಂಪನಿಯ ಅಂಕಿಯನ್ನೂ ದಿನವೂ ನೋಡಿದನು, ನೋಡಿದ್ದೆಲ್ಲ ಅವನ ತಲೆಯಲ್ಲಿ ಉಳಿಯಿತು. ಅಂಕಿಯ ಅಕ್ಕಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಕಂಪನಿಗಳ ಪ್ರಕಟಣೆಗಳನ್ನು ಅವನು ಓದುತ್ತಿರಲಿಲ್ಲ. ಗಂಜಿನಲ್ಲಿ ಧಾರಣೆಗೆ ಪ್ರಕಟಣೆ ಇರುವುದಿಲ್ಲ.

ಅಷ್ಟರಲ್ಲಿ ಶಾರದಾಬಾಯಿಯ ಗಂಡ ತೀರಿಕೊಂಡರು. ಬಸ್ಸು ನಡೆಸುತ್ತಿದ್ದವರು. ಮಕ್ಕಳಿರಲಿಲ್ಲ. ಆಕೆ ತಾಜಸುಲ್ತಾನಪುರದಲ್ಲಿ ಮೈದುನನ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ ಉಳಿದಳು. ಮೇಲೆ ತಗಡು, ಬೇಸಿಗೆಯಲ್ಲಿ ಕೆಂಡ, ಮಳೆಗಾಲದಲ್ಲಿ ಜರಡಿ. ನೀರು ತುಂಬಲಿಕ್ಕೂ ಮೈದುನನ ಹೆಂಡತಿ ಎದ್ದು ಬಾಗಿಲು ತೆಗೆಯುವುದನ್ನು ಕಾಯಬೇಕಿತ್ತು. ಗಂಡ ಕೊಂಡಿಟ್ಟ ಒಂದು ಸಣ್ಣ ನಿವೇಶನ ಅದೇ ಊರಲ್ಲಿತ್ತು. ಅದರ ಮೇಲೆ ಪಾಯ ಹಾಕಿಸಿದ್ದಳು. ಗೋಡೆ ಎಬ್ಬಿಸಿ ಸ್ಲ್ಯಾಬ್ ಹಾಕಲು ಕೈಯಲ್ಲಿ ಉಳಿದ ಎರಡೂವರೆ ಲಕ್ಷ ಸಾಲುತ್ತಿರಲಿಲ್ಲ. ತನ್ನದೇ ಒಂದು ಬಾಗಿಲು, ತನ್ನದೇ ಒಂದು ಚಿಲಕ, ಇಷ್ಟೇ ಆಕೆಗೆ ಬೇಕಾಗಿದ್ದುದು.

ಆ ವರ್ಷ ದೀಪಾವಳಿಯಲ್ಲಿ ಪೈಪು ಕಂಪನಿಯ ಒಂದು ಶೇರಿಗೆ ಸಾವಿರದ ನೂರಾ ನಲವತ್ತು ರೂಪಾಯಿ ಇತ್ತು. ಆಮೇಲೆ ತೊಗರಿಯ ಸುಗ್ಗಿ ಬಂದಿತು. ಎರಡು ತಿಂಗಳು ಮೌನೇಶನಿಗೆ ಪತ್ರಿಕೆ ಬಿಡಿಸಲೂ ಬಿಡುವಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಪುಟ ತೆರೆದು ನೋಡಿದರೆ ಅದೇ ಕಂಪನಿಯ ಬೆಲೆ ಇನ್ನೂರಾ ಮೂವತ್ತು. ಅವನು ಪೈಪು ಮಾರುವ ಅಂಗಡಿಗೆ ಹೋಗಿ ವಿಚಾರಿಸಿದನು. ಮಾಲು ಚೆನ್ನಾಗಿಯೇ ಹೋಗುತ್ತಿದೆ, ಕಂಪನಿಗೆ ಏನೂ ಆಗಿಲ್ಲ ಎಂದರು. ಕಾಳು ಚೊಕ್ಕ, ಧಾರಣೆ ಬಿದ್ದಿದೆ: ಗಂಜಿನ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಸೂಚನೆ ಬೇಕಿರಲಿಲ್ಲ. ಮೊದಲಿನ ಬೆಲೆಗೆ ಮುಟ್ಟಿದರೆ ಎರಡೂವರೆ ಲಕ್ಷ ಹನ್ನೆರಡು ಲಕ್ಷವಾಗುತ್ತದೆ. ಅವನು ಅಕ್ಕನನ್ನು ಒಪ್ಪಿಸಿದನು. ಸ್ಟೇಶನ್ ಬಜಾರದ ಒಂದು ಲಾಡ್ಜಿನ ಮಹಡಿಯ ಮೇಲೆ ಶೇರು ಕೊಂಡು ಮಾರುವ ಕಚೇರಿ ಇತ್ತು. ಅಲ್ಲಿ ತನ್ನ ಹೆಸರಿನಲ್ಲಿ ಖಾತೆ ತೆರೆದು ಆ ಹಣವನ್ನೆಲ್ಲ ಒಂದೇ ಕಂಪನಿಯಲ್ಲಿ ಹಾಕಿದನು. ಯಾಕೆ ಕೊಳ್ಳುತ್ತೀ ಎಂದು ಅಲ್ಲಿ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮರುವರ್ಷ ಒಂದು ರವಿವಾರ ಅವನು ನನ್ನನ್ನು ತಾಜಸುಲ್ತಾನಪುರಕ್ಕೆ ಕರೆದೊಯ್ದನು. ಬೆಲೆ ಮುನ್ನೂರಾ ಹನ್ನೆರಡಕ್ಕೆ ಏರಿತ್ತು. ಅಕ್ಕತಮ್ಮಂದಿರು ಪಾಯದ ಕಲ್ಲಿನ ಮೇಲೆ ಕುಳಿತಿದ್ದರು. ಶಾರದಾಬಾಯಿ ಕಡ್ಡಿಯಿಂದ ಮಣ್ಣಿನ ಮೇಲೆ ಅಡಿಗೆಮನೆಯ ಗೆರೆ ಎಳೆದು, ಅಳಿಸಿ, ಮತ್ತೆ ಎಳೆಯುತ್ತಿದ್ದಳು.

"ಅಕ್ಕಾ, ಮ್ಯಾಲ ಒಂದು ಅಂತಸ್ತೂ ಏಳ್ತದ ನೋಡು," ಎಂದನು ಮೌನೇಶ.

"ಮ್ಯಾಲ ಯಾರಿರ್ತಾರೋ, ಕಾಗಿ?" ಎಂದಳು ಶಾರದಾಬಾಯಿ. "ತಮ್ಮಾ, ಮೂರು ಲಕ್ಷದ ಮ್ಯಾಲ ಆಗ್ಯಾದ ಅಂತಿ. ಮನಿ ಕಟ್ಟೋ ಗೌಂಡಿ ಲೆಕ್ಕ ಹೇಳ್ಯಾನ, ಅಷ್ಟಕ್ಕ ಸ್ಲ್ಯಾಬ್ ಬೀಳ್ತದ. ಗ್ವಾಡಿಗಿ ಗಿಲಾವ್ ಮುಂದ ನೋಡಮು. ಮಾರಿಬಿಡು."

"ಸಾವಿರದ ನೂರಾ ನಲವತ್ತು ಕಂಡ ಮಾಲು ಮುನ್ನೂರಕ್ಕ ಕೊಟ್ರ ಗಂಜಿನಾಗ ನಗ್ತಾರ."

"ನಗಲಿ. ಅವರೇನು ನನಗ ನೀರು ತಂದು ಹಾಕತಾರೇನು?" ಆಕೆ ನನ್ನ ಕಡೆಗೆ ತಿರುಗಿದಳು. "ಸರ್, ನೀವಾರ ಹೇಳ್ರಿ ಇವನಿಗಿ."

ಶೇರಿನ ವಿದ್ಯೆ ನನಗೆ ತಿಳಿಯದು, ಆದರೆ ಮನೆ ಕಟ್ಟುವವಳು ಸಾಕೆಂದ ಮೇಲೆ ಸಾಕಲ್ಲವೇ ಎಂದು ಮೌನೇಶನಿಗೆ ಹೇಳಿದೆನು. ಅವನು ಅಕ್ಕನ ಕೈಯಿಂದ ಕಡ್ಡಿಯನ್ನು ತೆಗೆದುಕೊಂಡು, ಆಕೆ ಎಳೆದ ಅಡಿಗೆಮನೆಯ ಗೆರೆಯನ್ನು ಇನ್ನೊಂದು ಮೊಳ ಮುಂದಕ್ಕೆ ಸರಿಸಿದನು. "ಇಷ್ಟು ದೊಡ್ಡದು ಮಾಡಿಸ್ತೇನಿ. ಒಂದೇ ದೀಪಾವಳಿ ತಡಿ ಅಕ್ಕಾ," ಎಂದನು. ಎತ್ತಿ ಆಡಿಸಿದ ತಮ್ಮನ ಮಾತನ್ನು ಆಕೆ ಎಂದೂ ತೆಗೆದುಹಾಕಿದವಳಲ್ಲ. ಆಗಲಿ ಎಂದಳು.

ಆ ದೀಪಾವಳಿಗೆ ಬೆಲೆ ಇನ್ನೂರಕ್ಕೆ ಬಂದಿತು. ಕಂಪನಿಗೆ ಬರಬೇಕಾದ ಬಾಕಿ ಬರಲಿಲ್ಲವಂತೆ, ಕೊಟ್ಟ ಲೆಕ್ಕ ಸರಿಯಿಲ್ಲವೆಂದು ಗದ್ದಲವಂತೆ. ಬೆಲೆ ನೂರಾ ನಲವತ್ತಾಯಿತು, ಆಮೇಲೆ ತೊಂಬತ್ತು. ಮೌನೇಶನು ಒಣಗಿದನು. ಆದರೂ ಬಾಯಲ್ಲಿ ಒಂದೇ ಮಾತು: "ಸುಗ್ಗಿ ಇದ್ದಂಗ್ರಿ ಸರ್. ಇಳೀತದ, ಏರ್ತದ." ನನಗೆ ತಡೆಯಲಾಗಲಿಲ್ಲ. ತಿಳಿದವರನ್ನು ಕೇಳೋಣ ಬಾ ಎಂದು ಅವನನ್ನು ಸ್ಟೇಶನ್ ಬಜಾರದ ಆ ಶೇರಿನ ಕಚೇರಿಗೆ ಕರೆದುಕೊಂಡು ಹೋದೆನು.

ಅಲ್ಲಿ ಸುಮೇಧಾ ಎಂಬ ತರುಣಿ ಇದ್ದಳು, ಸಾವಧಾನದ ಹುಡುಗಿ. ಮೌನೇಶನು ನೇರವಾಗಿ, "ಮೇಡಮ್, ಇದು ಸಾವಿರದ ನೂರಾ ನಲವತ್ತಕ್ಕ ತಿರುಗಿ ಯಾವಾಗ ಹೋಗ್ತದ್ರಿ?" ಎಂದು ಕೇಳಿದನು.

ಆಕೆ ಕಂಪ್ಯೂಟರಿನಲ್ಲಿ ಹತ್ತು ವರ್ಷಗಳ ಬೆಲೆಯ ಗೆರೆಯನ್ನು ತೆರೆದಳು. "ತಿರುಗಿ ಅಂದ್ರ? ಈ ಶೇರು ಅಲ್ಲಿಗೆ ಯಾವತ್ತೂ ಹೋಗಿಲ್ರೀ. ಎಲ್ಲಕ್ಕಿಂತ ಮ್ಯಾಲ ಹೋಗಿದ್ದು ಮುನ್ನೂರಾ ಹನ್ನೆರಡು."

"ನಾನು ಕಣ್ಣಾರೆ ಓದೀನ್ರಿ. ಆ ವರ್ಷ ದೀಪಾವಳಿ ಪಾಡ್ಯದ ಮರುದಿನ ನೋಡ್ರಿ."

ಆಕೆ ಆ ದಿನವನ್ನು ಹುಡುಕಿದಳು. ಪರದೆಯ ಮೇಲೆ ಇನ್ನೂರಾ ಇಪ್ಪತ್ತೆಂಟು ಎಂದಿತ್ತು.

ಮೌನೇಶನ ಮುಖ ಕೆಂಪಗಾಯಿತು. ಅವನು ಸಿಟ್ಟಿಗೆದ್ದುದನ್ನು ನಾನು ಕಂಡದ್ದು ಅದೊಂದೇ ಸಲ. "ಹಳೇ ಧಾರಣಿ ಯಾರೋ ತಿದ್ಯಾರ. ಆಗಿಹೋದ ಧಾರಣಿ ತಿದ್ದೋದು ಅಂದ್ರ ಕಳ್ಳತನರಿ ಮೇಡಮ್. ನಮ್ಮ ಗಂಜಿನಾಗ ಹಂಗ ಮಾಡಿದವನನ್ನ ಗಾದಿ ಮ್ಯಾಲ ಕೂಡಗೊಡಂಗಿಲ್ಲ."

"ತಿದ್ಯಾರ, ಖರೇ. ಆದ್ರ ಕಳ್ಳತನಕ್ಕಲ್ರೀ," ಎಂದು ಸುಮೇಧಾ ಬೇಸರಪಡದೆ ವಿವರಿಸಿದಳು. ಅವನು ಪತ್ರಿಕೆ ನೋಡದಿದ್ದ ಆ ಎರಡು ತಿಂಗಳಲ್ಲಿ ಕಂಪನಿಯು ತನ್ನ ಒಂದೊಂದು ಶೇರನ್ನೂ ಐದು ಶೇರುಗಳಾಗಿ ಒಡೆದಿತ್ತು. ಒಂದು ಇದ್ದವನಿಗೆ ಐದು ಆದವು. ಅದಕ್ಕೆ ತಕ್ಕಂತೆ ಒಂದರ ಬೆಲೆ ಐದರಲ್ಲೊಂದು ಪಾಲಾಯಿತು. ಯಾರಿಗೂ ಲಾಭವಿಲ್ಲ, ಯಾರಿಗೂ ನಷ್ಟವಿಲ್ಲ. ಹಾಗೆ ಒಡೆದ ಮೇಲೆ ಹಳೆಯ ಬೆಲೆಗಳನ್ನೂ ಐದರಿಂದ ಭಾಗಿಸಿ ತೋರಿಸುತ್ತಾರೆ, ಇಲ್ಲದಿದ್ದರೆ ಅಂದಿಗೂ ಇಂದಿಗೂ ಹೋಲಿಕೆ ತಪ್ಪುತ್ತದೆ. ಪತ್ರಿಕೆ ಆಯಾ ದಿನದ ಬೆಲೆಯನ್ನಷ್ಟೇ ಅಚ್ಚು ಮಾಡುತ್ತದೆ, ಹಿಂದಿನದನ್ನು ತಿದ್ದಲು ಬರುವುದಿಲ್ಲ.

ಮೌನೇಶನು ಪರದೆಯ ಹತ್ತಿರಕ್ಕೆ ಬಾಗಿ ಆ ಗೆರೆಯನ್ನು ಬೆರಳಿನಿಂದ ಕೊನೆಯವರೆಗೂ ಹಿಂಬಾಲಿಸಿದನು. "ಹಂಗಂದ್ರ ಅದು ಬಿದ್ದೇ ಇರಲಿಲ್ಲ?" ಎಂದನು ಕೊನೆಗೆ.

"ಇಲ್ರೀ. ಹೋಳು ಸಣ್ಣದಾಗಿತ್ತು, ಅಷ್ಟ."

"ಕ್ವಿಂಟಲ್ ಅಂದ್ರ ನೂರು ಕಿಲೋ ಮೇಡಮ್. ಅದನ್ನ ಇಪ್ಪತ್ತು ಕಿಲೋ ಮಾಡಿ ಅದಕ್ಕೂ ಕ್ವಿಂಟಲ್ ಅಂತ ಯಾರೂ ಕರ್ಯಂಗಿಲ್ಲ." ಅವನು ನನ್ನ ಕಡೆಗೆ ತಿರುಗಿದನು. "ಸರ್, ಮುನ್ನೂರಾ ಹನ್ನೆರಡು ಅಂದ್ರ ಹಳೇ ಲೆಕ್ಕದಾಗ ಎಷ್ಟಾತ್ರಿ?"

ಹೇಳದೆ ಇರುವಂತಿರಲಿಲ್ಲ. "ಸಾವಿರದ ಐದುನೂರಾ ಅರವತ್ತು," ಎಂದೆನು.

ಅವನು ಯಾವ ಬೆಲೆಗಾಗಿ ಅಕ್ಕನನ್ನು ಕಾಯಿಸಿದ್ದನೋ ಆ ಬೆಲೆಯನ್ನು ಅವನ ಶೇರು ಆಗಲೇ ದಾಟಿಹೋಗಿತ್ತು. ಪಾಯದ ಕಲ್ಲಿನ ಮೇಲೆ ಕುಳಿತು ಅಡಿಗೆಮನೆಯ ಗೆರೆಯನ್ನು ಹಿಗ್ಗಿಸಿದ ಆ ರವಿವಾರವೇ ಅವನು ಕಾಯುತ್ತಿದ್ದ ದೀಪಾವಳಿ ಆಗಿತ್ತು.

ಸುಮೇಧಾ ಅವನ ಮುಂದೆ ನೀರಿನ ಲೋಟವನ್ನು ಸರಿಸಿದಳು. "ಹಳೇ ಬೆಲಿ ನೋಡೋದು ಕಂಪನಿ ಹೆಂಗ ನಡದು ಬಂತು ಅಂತ ತಿಳ್ಕೊಳ್ಳಾಕ್ರೀ. ಅದು ಮತ್ತ ಅಲ್ಲಿಗೇ ಬರ್ತದ ಅಂತ ಅದರಾಗೆಲ್ಲೂ ಬರದಿರಂಗಿಲ್ಲ. ಈ ಕಂಪನಿ ಲಕ್ಷಣ ಚೊಲೊ ಇಲ್ಲ. ಇವತ್ತು ಮಾರಿದ್ರ ಲಕ್ಷಕ್ಕ ಸ್ವಲ್ಪ ಕಡಿಮಿ ಸಿಗ್ತದ. ಮಾರ್ರಿ."

ನಾನೂ ಅದನ್ನೇ ಹೇಳಿದೆನು. ಅವನು ಒಲ್ಲೆನೆಂದು ತಲೆಯಾಡಿಸಿದನು. "ಒಂದು ಲಕ್ಷ ಹಿಡ್ಕೊಂಡು ಅಕ್ಕನ ಮುಂದ ಹೆಂಗ ನಿಲ್ಲಲ್ರಿ? ಕೊಟ್ಟಷ್ಟಾರ ಬರಲಿ." ತಿಳಿದ ಮೇಲೂ ಕೈ ಬಿಡಲಿಲ್ಲ. ಬುದ್ಧಿ ಒಪ್ಪಿದ್ದನ್ನು ಮನಸ್ಸು ಒಪ್ಪಲಿಲ್ಲವೆಂದು ತೋರುತ್ತದೆ. ಬೆಲೆ ನಲವತ್ತಾಯಿತು, ಹದಿನೇಳಾಯಿತು. ಆರು ರೂಪಾಯಿ ನಲವತ್ತು ಪೈಸೆಗೆ ಬಂದ ಮೇಲೆ ಶೇರುಪೇಟೆಯವರು ಆ ಕಂಪನಿಯ ಶೇರುಗಳ ವ್ಯವಹಾರವನ್ನೇ ನಿಲ್ಲಿಸಿಬಿಟ್ಟರು. ಇನ್ನು ಮಾರುತ್ತೇನೆಂದರೂ ಕೊಳ್ಳುವ ದಾರಿ ಯಾರಿಗೂ ಇರಲಿಲ್ಲ.

ಅಕ್ಕನಿಗೆ ಹೇಳುವ ದಿನ ನನ್ನನ್ನೂ ಜೊತೆಗೆ ಬರಬೇಕೆಂದನು. ಶಾರದಾಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದನು. ಒಡೆದ ಶೇರಿನ ಲೆಕ್ಕ ಆಕೆಗೆ ತಿಳಿಯಿತೋ ಇಲ್ಲವೋ ನಾನರಿಯೆನು. ಮೊರದಿಂದ ಕಣ್ಣೆತ್ತದೆ ಕೇಳಿದಳು:

"ಸ್ಲ್ಯಾಬ್ ಬ್ಯಾಡ. ಗ್ವಾಡಿ ಆರ ಏಳ್ತಾವೇನು?"

"ಇಲ್ಲ ಅಕ್ಕಾ."

"ಒಂದು ಖೋಲಿ? ಮ್ಯಾಲ ತಗಡು ಹಾಕಿದ್ರೂ ನಡೀತದ."

"ಇಲ್ಲ."

ಆಕೆ ಒಂದು ಹರಳನ್ನು ಆರಿಸಿ ಹೊರಗೆ ಎಸೆದಳು. "ರೊಟ್ಟಿ ಬಡೀತೀನಿ. ಸರ್ ಬಂದಾರ, ಊಟ ಮಾಡ್ಕೊಂಡು ಹೋಗ್ರಿ," ಎಂದು ಎದ್ದಳು. ಬೈದಿದ್ದರೆ ಅವನು ಹೇಗಾದರೂ ತಾಳಿಕೊಳ್ಳುತ್ತಿದ್ದನು. ಆಕೆ ಬಿಟ್ಟ ಮೊರವನ್ನು ಮುಂದಿಟ್ಟುಕೊಂಡು ಉಳಿದ ಹರಳುಗಳನ್ನು ಆರಿಸುತ್ತ ಕುಳಿತನು.

ಎರಡು ವರ್ಷ ಪಾಯದ ಸುತ್ತ ಜಾಲಿ ಬೆಳೆಯಿತು. ಶಾರದಾಬಾಯಿಗೆ ಬೆನ್ನುನೋವು ಹೆಚ್ಚಾಗಿ ದವಾಖಾನೆಗೆ ತಿರುಗಬೇಕಾಯಿತು. ಸುಮ್ಮನೆ ಬಿದ್ದ ಜಾಗ ನನಗೇ ಇರಲಿ ಎಂದು ಮೈದುನನು ಅದನ್ನು ಅಗ್ಗಕ್ಕೆ ಕೊಂಡನು. ಆ ಹಣ ಔಷಧಕ್ಕೆ ಹೋಯಿತು. ಪಾಯ ಗಟ್ಟಿಯಾಗಿತ್ತಾದ್ದರಿಂದ ಅವನಿಗೆ ಹೆಚ್ಚು ಖರ್ಚು ಬರಲಿಲ್ಲ; ಅದರ ಮೇಲೆ ಎಮ್ಮೆ ಕಟ್ಟುವ ಕೊಟ್ಟಿಗೆಯನ್ನು ಎಬ್ಬಿಸಿದನು. ಆಕೆ ಬೆಳಿಗ್ಗೆ ಹೋಗಿ ಅದೇ ಕೊಟ್ಟಿಗೆಯ ಸಗಣಿ ಬಳಿದು ಬರುತ್ತಾಳೆ. ಮೈದುನನ ಮನೆಯಲ್ಲಿರುವವಳಿಗೆ ಆ ಕೆಲಸ ಒಲ್ಲೆನೆನ್ನಲು ಬರುವುದಿಲ್ಲ.

ಗಂಜಿನಲ್ಲಿ ಈಗ ಧಾರಣೆ ಫೋನಿನಲ್ಲಿಯೇ ಬರುತ್ತದೆ. ನಾಗಣ್ಣನವರಿಗೂ ಹಲಗೆ ಬರೆಯುವವನು ಬೇಡವಾದನು. ಮೌನೇಶನು ಕಮಲಾಪುರದ ರಸ್ತೆಯ ಬದಿಯಲ್ಲಿ ಬಂದೇನವಾಜ ಎಂಬವನ ಕೆಂಪು ಬಾಳೆಹಣ್ಣಿನ ಅಂಗಡಿಯಲ್ಲಿ ನಿಲ್ಲುತ್ತಾನೆ. ಶೀಲಾಳ ಹೊಲಿಗೆಯಿಂದ ಮನೆ ನಡೆಯುತ್ತದೆ. ವಾರಕ್ಕೊಮ್ಮೆ ಅವನು ಸುಮೇಧಾಳಿಗೆ ಫೋನು ಮಾಡುತ್ತಾನೆ. ಆಕೆಯೂ ಪಾಪ, ಪ್ರತಿ ಸಲವೂ "ಆರು ನಲವತ್ತೇ ಅದ್ರೀ," ಎಂದು ಹೇಳುತ್ತಾಳೆ. ನಿಂತ ವ್ಯವಹಾರದ ಕೊನೆಯ ಬೆಲೆ ಅದು. ಬದಲಾಗುವುದಿಲ್ಲವೆಂದು ಅವನಿಗೂ ಗೊತ್ತು.

ನಡುವೆ ಒಂದು ವರ್ಷ ತೊಗರಿಯ ಧಾರಣೆ ಬಹಳ ವರ್ಷಗಳ ಮೇಲೆ ಮತ್ತೆ ಹತ್ತು ಸಾವಿರ ದಾಟಿತು. ಆ ದಿನ ಅವನು ನನ್ನ ಮನೆಯವರೆಗೆ ಬಂದಿದ್ದನು. "ತೊಗರಿ ತಿರುಗಿ ಬಂತಲ್ರಿ ಸರ್," ಎಂದನು.

"ತೊಗರಿ ವರ್ಷಾ ಹೊಲದಾಗ ಹುಟ್ಟತದ ಮೌನೇಶಾ," ಎಂದೆನು. ಅವನು ಚಹ ಕುಡಿದು ಹೋದನು.

ಹೋದ ತಿಂಗಳು ಮೋಡ ಕವಿದಿದ್ದ ಒಂದು ಮಧ್ಯಾಹ್ನ ತಾಜಸುಲ್ತಾನಪುರದ ಕಡೆಗೆ ಹೋಗುವ ಕೆಲಸವಿತ್ತು, ಶಾರದಾಬಾಯಿಯನ್ನು ಮಾತಾಡಿಸಿ ಬರೋಣವೆಂದು ಇಳಿದೆನು. ಮೌನೇಶನು ಆಕೆಯ ಖೋಲಿಗಳ ಮೇಲೆ ಏರಿ ತುಕ್ಕು ಹಿಡಿದ ತಗಡಿನ ಮೇಲೆ ತಾಡಪತ್ರಿ ಹಾಸುತ್ತಿದ್ದನು. ಹೋದ ವರ್ಷ ಹಾಸಿದ್ದು ಹರಿದು ಚಿಂದಿಯಾಗಿತ್ತಂತೆ. ಮೊಳೆ ಹೊಡೆಯಲು ಮೈದುನನು ಒಪ್ಪುವುದಿಲ್ಲ, ಮನೆ ಅವನದು. ಆದ್ದರಿಂದ ಅಂಚಿನ ಸುತ್ತ ಕಲ್ಲು ಹೇರಬೇಕು. ಕೆಳಗೆ ನಿಂತ ಅಕ್ಕ ನೋಯುವ ಬೆನ್ನನ್ನು ಒಂದು ಕೈಯಿಂದ ಹಿಡಿದುಕೊಂಡು ಇನ್ನೊಂದು ಕೈಯಿಂದ ಕಲ್ಲು ಎತ್ತಿ ಎತ್ತಿ ಕೊಡುತ್ತಿದ್ದಳು.

"ಆ ಮೂಲಿಗಿ ಇನ್ನೊಂದು ಇಡೋ, ಅಲ್ಲೇ ಸೋರ್ತದ," ಎಂದಳು.

"ಇಡ್ತೀನಿ ತಡಿ ಅಕ್ಕಾ," ಎಂದು ಅವನು ಗಾಳಿಗೆ ಏಳುತ್ತಿದ್ದ ತಾಡಪತ್ರಿಯ ತುದಿಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಕೆಳಗೆ ಕೈ ಚಾಚಿದನು.